ವಿಮಾನ ಯಾಕೆ ಬಿತ್ತು? ಸ್ವಲ್ಪ ತಡೀರಿ

2025ರ ಜೂನ್ 12, ಗುರುವಾರ. ಮುಂಗಾರು ಮಳೆ ಒಂದು ಹದ ಬಿದ್ದು ನಮ್ಮ ಮುದನಾಳದ ಹೊಲಗಳಲ್ಲಿ ಹೆಸರು ಬಿತ್ತುವ ಗಡಿಬಿಡಿ ನಡೆದಿತ್ತು. ಸಂಜೆ ಚಹಾ ಕುಡಿದು ನಾನು ಹಣಮಂತದೇವರ ಗುಡಿಯ ಕಟ್ಟೆಗೆ ಹೋದರೆ ಅಲ್ಲಿ ಬಿತ್ತನೆಯ ಮಾತೇ ಇರಲಿಲ್ಲ. ಎಲ್ಲರ ಕೈಯಲ್ಲೂ ಮೊಬೈಲ್. ಮಧ್ಯಾಹ್ನ ಅಹಮದಾಬಾದಿನಿಂದ ಲಂಡನ್ನಿಗೆ ಹೊರಟ ಏರ್ ಇಂಡಿಯಾ ವಿಮಾನ ಮೇಲೆದ್ದ ಅರೆನಿಮಿಷದಲ್ಲೇ ವೈದ್ಯಕೀಯ ಕಾಲೇಜಿನ ಹಾಸ್ಟೆಲ್ ಮೇಲೆ ಬಿದ್ದಿತ್ತು.

"ಹಕ್ಕಿ ಬಡದೈತಿ, ಮತ್ತೇನು" ಅಂದರು ಒಬ್ಬರು. "ಎಣ್ಣಿ ಕಲಬೆರಕಿ ಇತ್ತಂತ" ಅಂದರು ಇನ್ನೊಬ್ಬರು. ರೆಕ್ಕೆಯ ಹಿಂದಿನ ಪಟ್ಟಿ ಇಳಿಸುವುದನ್ನೇ ಪೈಲಟ್ ಮರೆತನೆಂದು ಮೂರನೆಯವರು, ಸಾಮಾನಿನ ಭಾರ ಹೆಚ್ಚಾಗಿತ್ತೆಂದು ನಾಲ್ಕನೆಯವರು. ಕಟ್ಟೆಯ ಮೇಲೆ ನಾವು ಎಂಟು ಜನ ಇದ್ದೆವು. ವಿಮಾನ ಹತ್ತಿದವರು ಇಬ್ಬರೇ, ನಾನೂ ಸೇರಿ. ಅದೂ ಕಿಟಕಿಯ ಪಕ್ಕದ ಸೀಟಿನಲ್ಲಿ ಕೂತು ಮೋಡ ನೋಡಿದ್ದಷ್ಟೇ ನಮ್ಮ ವಿಮಾನ ವಿದ್ಯೆ. ಆದರೂ ಒಂದು ತಾಸಿನೊಳಗೆ ತನಿಖೆ ಮುಗಿದು ನಾಲ್ಕು ತೀರ್ಪು ಹೊರಬಿದ್ದಿದ್ದವು.

ಮನೆಗೆ ಬಂದರೆ ಆರನೇ ತರಗತಿಯ ಮೊಮ್ಮಗ ನೋಟ್‌ಬುಕ್ಕು ಹಿಡಿದು ಕಾಯುತ್ತಿದ್ದ. ಮಾರನೆಯ ದಿನ ಶಾಲೆಯ ಪ್ರಾರ್ಥನೆಯಲ್ಲಿ ಸುದ್ದಿ ಓದುವ ಪಾಳಿ ಅವನದು. "ಮುತ್ಯಾ, ವಿಮಾನ ಬಿದ್ದಿದ್ದು ಬರದೀನಿ. ಕಾರಣ ಅಂತ ಹಾಕಿ ಏನು ಬರೀಲಿ? ಪೈಲಟಂದ ತಪ್ಪು ಅಂತ ಎಲ್ಲಾರೂ ಹೇಳಾಕತ್ಯಾರ" ಎಂದ.

ಏನು ಹೇಳಬೇಕೆಂದು ತಕ್ಷಣ ತೋಚಲಿಲ್ಲ. ನೆನಪಾದದ್ದು ವಿಮಾನವಲ್ಲ, ನಾನು ಕೆಲಸ ಮಾಡುತ್ತಿದ್ದ ಬ್ಯಾಂಕಿನ ಒಂದು ಶಾಖೆ, ಒಂದು ಸಂಜೆ, ಒಬ್ಬ ಜವಾನ.

ಎಂಬತ್ತರ ದಶಕದ ಮಾತು. ಆಗ ಕಂಪ್ಯೂಟರ್ ಇಲ್ಲ. ದಿನದ ವ್ಯವಹಾರವೆಲ್ಲ ಕೈಬರಹದಲ್ಲಿ. ಸಂಜೆ ಪುಸ್ತಕದ ಲೆಕ್ಕಕ್ಕೂ ಪೆಟ್ಟಿಗೆಯ ನಗದಿಗೂ ಹೊಂದಾಣಿಕೆ ಆಗಬೇಕು. ಅದಕ್ಕೆ ಟ್ಯಾಲಿ ಎನ್ನುತ್ತಿದ್ದೆವು. ಟ್ಯಾಲಿ ಆಗುವವರೆಗೆ ಯಾರೂ ಮನೆಗೆ ಹೋಗುವಂತಿಲ್ಲ. ಆ ದಿನ ನಗದು 5,400 ರೂಪಾಯಿ ಕಡಿಮೆ ಬಿತ್ತು. ಆಗ ಅದು ನನ್ನ ಎಷ್ಟೋ ತಿಂಗಳ ಸಂಬಳ. ನಗದು ಪೆಟ್ಟಿಗೆಯನ್ನು ಕೌಂಟರಿನಿಂದ ತಿಜೋರಿ ಕೋಣೆಗೆ ಹೊತ್ತು ತಂದವನು ಜವಾನ. ಮುಂದಿನ ತಿಂಗಳು ಅವನ ಮಗಳ ಮದುವೆ. ಇಷ್ಟು ಸಾಕಾಯಿತು. "ಮದುವಿ ಖರ್ಚಿಗೆ ಬೇಕಾಗಿರಬೇಕು" ಎಂದು ಮೊದಲು ಬಾಯಿಬಿಟ್ಟವನು ನಾನೇ. ಅವನು ಅಲ್ಲೇ ಬಾಗಿಲ ಹತ್ತಿರ ನಿಂತಿದ್ದ. ಅವನಿಗೆ ಕೇಳಿಸಿತು.

ಮರುದಿನ ಬೆಳಿಗ್ಗೆ ಒಬ್ಬ ಹಿರಿಯ ಅಧಿಕಾರಿ ಬಂದು ಕೂತರು. ಅವರು ಯಾರನ್ನೂ ಏನೂ ಕೇಳಲಿಲ್ಲ. 5,400ನ್ನು 9ರಿಂದ ಭಾಗಿಸಿದರು. ಶೇಷವಿಲ್ಲದೆ 600 ಬಂತು. "ಎಲ್ಲೋ ಅಂಕಿ ತಿರುಗುಮುರುಗಾಗಿದೆ, ವೋಚರ್ ತೆಗೆಯಿರಿ" ಎಂದರು. ಮಕ್ಕಳೇ, ಇದನ್ನು ನೀವೂ ಮಾಡಿ ನೋಡಬಹುದು. 83ನ್ನು 38 ಎಂದು ಬರೆದರೆ ವ್ಯತ್ಯಾಸ 45. 61ನ್ನು 16 ಎಂದು ಬರೆದರೂ 45. 92 ಮತ್ತು 29 ಆದರೆ 63. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. ಹಾಗೆಂದು 9ರಿಂದ ಭಾಗವಾದದ್ದೆಲ್ಲ ಅಂಕಿ ಅದಲುಬದಲೇ ಎಂದು ಹೇಳಲಾಗದು. ಎಲ್ಲಿ ಹುಡುಕಬೇಕು ಎಂಬ ಸುಳಿವು ಅದು, ಅಷ್ಟೇ. ಹುಡುಕಿದಾಗ ಸಿಕ್ಕಿತು. ಒಬ್ಬ ಗ್ರಾಹಕರಿಗೆ 7,100 ರೂಪಾಯಿ ಕೊಟ್ಟು ಪುಸ್ತಕದಲ್ಲಿ 1,700 ಎಂದು ಬರೆಯಲಾಗಿತ್ತು. ಬರವಣಿಗೆ ನನ್ನದೇ.

ನಾನು ಹೋಗಿ "ತಪ್ಪಾಯ್ತಪ್ಪಾ" ಅಂದೆ. "ಇರ್ಲಿ ಬಿಡ್ರಿ ಸಾಹೇಬ್ರೆ" ಅಂದ. ಆಮೇಲೂ ದಿನಾ ನನ್ನ ಮೇಜಿಗೆ ಚಹಾ ತಂದಿಡುತ್ತಿದ್ದ. ಆದರೆ ಮೊದಲಿನ ಹಾಗೆ ನಿಂತು ಎರಡು ಮಾತಾಡಲಿಲ್ಲ. ಮಗಳ ಮದುವೆಗೆ ಶಾಖೆಯ ಎಲ್ಲರಿಗೂ ಕಾರ್ಡು ಕೊಟ್ಟ, ನನಗೂ ಕೊಟ್ಟ. ಹೋಗುವ ಮುಖ ನನಗಿರಲಿಲ್ಲ.

ಈ ಕಥೆಯನ್ನು ಮೊಮ್ಮಗನಿಗೆ ಹೇಳಿದೆ. ಅವನು ಸುಮ್ಮನೆ ಕೇಳಿ, "ಅದು ರೊಕ್ಕ ಮುತ್ಯಾ, ಇದು ವಿಮಾನ" ಎಂದ. ಮಾತು ಸರಿಯೇ. ಹಾಗಾಗಿ ವಿಮಾನದ್ದೇ ಹೇಳುತ್ತೇನೆ. ನಮ್ಮ ರಾಜ್ಯದ ಎರಡು ದೊಡ್ಡ ಅಪಘಾತಗಳು ನನ್ನ ವಾರಿಗೆಯವರಿಗೆಲ್ಲ ನೆನಪಿವೆ.

ಮೊದಲನೆಯದು ಬೆಂಗಳೂರಿನದು. 1990ರ ಫೆಬ್ರುವರಿ 14, ಬುಧವಾರ. ಇಂಡಿಯನ್ ಏರ್‌ಲೈನ್ಸ್‌ನ 605ನೇ ಸಂಖ್ಯೆಯ ವಿಮಾನ ಮುಂಬಯಿಯಿಂದ 146 ಜನರನ್ನು ಹೊತ್ತು ಬಂದಿತ್ತು. ಆಗ ಬೆಂಗಳೂರಿನ ವಿಮಾನಗಳೆಲ್ಲ ಇಳಿಯುತ್ತಿದ್ದದ್ದು ಎಚ್‌ಎಎಲ್ ನಿಲ್ದಾಣದಲ್ಲಿ. ಮಧ್ಯಾಹ್ನ ಒಂದು ಗಂಟೆ, ಆಕಾಶ ತಿಳಿಯಾಗಿತ್ತು. ರನ್‌ವೇ ಮುಟ್ಟುವ ಮೊದಲೇ ವಿಮಾನ ಪಕ್ಕದ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ತಾಗಿ, ಪುಟಿದು, ದಿಬ್ಬಕ್ಕೆ ಬಡಿದು ಬೆಂಕಿ ಹತ್ತಿಕೊಂಡಿತು. 92 ಜನ ಸತ್ತರು, 54 ಜನ ಉಳಿದರು. ಸುದ್ದಿಯನ್ನು ನಾನು ಕೇಳಿದ್ದು ರೇಡಿಯೋದಲ್ಲಿ, ಸಂಜೆಯ ಪ್ರದೇಶ ಸಮಾಚಾರದಲ್ಲಿ.

ಅದು ಏರ್‌ಬಸ್ ಎ-320. ಕೊಂಡು ತಂದು ಎರಡು ತಿಂಗಳೂ ಆಗಿರಲಿಲ್ಲ. ಹಳೆಯ ವಿಮಾನಗಳಲ್ಲಿ ಪೈಲಟ್ ಹಿಡಿಕೆ ಎಳೆದರೆ ತಂತಿ, ರಾಟೆಗಳ ಮೂಲಕ ಅದರ ಎಳೆತ ರೆಕ್ಕೆಗೂ ಬಾಲಕ್ಕೂ ಹೋಗುತ್ತಿತ್ತು. ಈ ಹೊಸದರಲ್ಲಿ ಪೈಲಟ್‌ನ ಕೈಯ ಆಜ್ಞೆ ಮೊದಲು ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ವಿದ್ಯುತ್ ಸಂಕೇತವಾಗಿ ರೆಕ್ಕೆಗೆ ಹೋಗುತ್ತದೆ. 1990ರಲ್ಲಿ ನಮ್ಮ ಕಡೆ ಕಂಪ್ಯೂಟರ್ ಎಂದರೆ ನೋಡಿದವರೇ ಕಡಿಮೆ. ಬ್ಯಾಂಕಿನಲ್ಲಿ ನಾವೇ ಕಂಪ್ಯೂಟರ್ ಬರಬಾರದೆಂದು ಘೋಷಣೆ ಕೂಗಿದ ಕಾಲ. ಅದಕ್ಕೂ ಎರಡು ವರ್ಷ ಮೊದಲು, 1988ರ ಜೂನ್‌ನಲ್ಲಿ, ಫ್ರಾನ್ಸಿನ ಹಬ್ಸೈಮ್ ಎಂಬಲ್ಲಿ ಪ್ರದರ್ಶನ ಹಾರಾಟದಲ್ಲಿದ್ದ ಇಂಥದೇ ವಿಮಾನ ಮರಗಳಿಗೆ ಸಿಕ್ಕಿ ಬಿದ್ದಿತ್ತು. ಇನ್ನೇನು ಬೇಕು? "ಕಂಪ್ಯೂಟರೇ ಕೆಡವಿತು" ಎಂದು ಊರೆಲ್ಲ ಹೇಳಿತು. ನಾನೂ ಹೇಳಿದೆ, ಸ್ವಲ್ಪ ಖುಷಿಯಿಂದಲೇ ಹೇಳಿದೆ. ಸರ್ಕಾರ ಇಂಡಿಯನ್ ಏರ್‌ಲೈನ್ಸ್‌ನ ಎ-320 ವಿಮಾನಗಳನ್ನೆಲ್ಲ ತಿಂಗಳುಗಟ್ಟಲೆ ನೆಲದ ಮೇಲೆ ನಿಲ್ಲಿಸಿತು.

ತನಿಖೆಗೆ ಕೂತವರು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಶಿವಶಂಕರ ಭಟ್ ಅವರು. ಕಂಪ್ಯೂಟರ್ ಕೆಟ್ಟು ವಿಮಾನ ಬಿತ್ತು ಎಂಬುದಕ್ಕೆ ಆಧಾರ ಸಿಗಲಿಲ್ಲ. ಇಳಿಯುವ ಕೊನೆಯ ಹಂತದಲ್ಲಿ ಇಂಜಿನ್‌ಗಳು ಬಲವಿಲ್ಲದೆ ಸುಮ್ಮನೆ ತಿರುಗುವ ಸ್ಥಿತಿಗೆ ಹೋಗಿದ್ದವು. ವಿಮಾನ ಇರಬೇಕಾದ ದಾರಿಗಿಂತ ಕೆಳಗೆ ಕುಸಿಯುತ್ತಿತ್ತು. "ನಾನೂರು ಅಡಿ, ಮುನ್ನೂರು ಅಡಿ, ಇನ್ನೂರು ಅಡಿ" ಎಂದು ಯಂತ್ರವೇ ಕೂಗಿ ಹೇಳಿದರೂ ಇಬ್ಬರು ಪೈಲಟ್‌ಗಳಿಗೂ ಅಪಾಯದ ಅರಿವು ಬೇಗ ಆಗಲಿಲ್ಲ. ಆದಾಗ ಇಂಜಿನ್‌ಗೆ ಪೂರ್ತಿ ಬಲ ಕೊಟ್ಟರು. ಆದರೆ ಅಂಥ ಇಂಜಿನ್ ಪೂರ್ತಿ ಬಲಕ್ಕೆ ಏರಲು ಕೆಲವು ಸೆಕೆಂಡುಗಳು ಬೇಕು. ಆ ಸೆಕೆಂಡುಗಳು ಉಳಿದಿರಲಿಲ್ಲ.

ಹಾಗಾದರೆ ಪೈಲಟ್‌ಗಳ ತಪ್ಪು, ಮುಗಿಯಿತಲ್ಲ ಎನ್ನಬೇಡಿ. ಇಂಜಿನ್ ಆ ಸ್ಥಿತಿಗೆ ಹೋದದ್ದಾದರೂ ಯಾಕೆ? ಪೈಲಟ್ ಮುಂದಿನ ಫಲಕದಲ್ಲಿ ಎತ್ತರ ನಿಗದಿ ಮಾಡುವ ಗುಂಡಿ ಒಂದು, ಇಳಿಯುವ ವೇಗ ನಿಗದಿ ಮಾಡುವ ಗುಂಡಿ ಇನ್ನೊಂದು. ನಿಮಿಷಕ್ಕೆ 700 ಅಡಿ ಇಳಿಯಲು ಒಂದನ್ನು ತಿರುಗಿಸಬೇಕಾದವರು ಇನ್ನೊಂದನ್ನು ತಿರುಗಿಸಿ 700 ಅಡಿ ಎತ್ತರವನ್ನು ಇಟ್ಟರೇನೋ ಎಂಬ ಊಹೆ ತನಿಖೆಯಲ್ಲಿ ಬಂತು. ಅದನ್ನು ಹೇಳಬೇಕಾದ ಇಬ್ಬರೂ ಬದುಕಿರಲಿಲ್ಲ. ಆ ಸ್ಥಿತಿ ಹೇಗೆ ಬಂತೆಂದು ಖಚಿತವಾಗಿ ಗುರುತಿಸಲು ಸಾಧ್ಯವಿಲ್ಲವೆಂದು ತನಿಖೆ ಒಪ್ಪಿಕೊಂಡಿತು. ತಿಂಗಳುಗಟ್ಟಲೆ ಸಾಕ್ಷಿ ಕೇಳಿ, ಯಂತ್ರದ ದಾಖಲೆಗಳನ್ನೆಲ್ಲ ಬಿಡಿಸಿ ನೋಡಿದವರು "ಇಷ್ಟು ತಿಳಿಯಿತು, ಇಷ್ಟು ತಿಳಿಯಲಿಲ್ಲ" ಎಂದರು. ರೇಡಿಯೋ ಮುಂದೆ ಕೂತ ನನಗೆ ಒಂದೇ ಸಂಜೆಯಲ್ಲಿ ಎಲ್ಲವೂ ತಿಳಿದಿತ್ತು! ಅಂದಹಾಗೆ, ಇವತ್ತು ನಮ್ಮ ದೇಶದಲ್ಲಿ ಅತಿ ಹೆಚ್ಚಾಗಿ ಹಾರುವುದು ಅದೇ ಎ-320 ಕುಟುಂಬದ ವಿಮಾನಗಳು. ಬೆಂಗಳೂರಿನಿಂದ ದೆಹಲಿಗೆ ಹೋದರೆ ನೀವು ಅದರಲ್ಲೇ ಕೂತಿರುವ ಸಾಧ್ಯತೆ ಹೆಚ್ಚು.

ಎರಡನೆಯದು ಮಂಗಳೂರಿನದು. 2010ರ ಮೇ 22, ಶನಿವಾರ ಬೆಳಿಗ್ಗೆ ಆರು ಗಂಟೆಯ ಸುಮಾರು. ದುಬೈನಿಂದ 166 ಜನರನ್ನು ಹೊತ್ತು ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಉರುಳಿತು. 158 ಜನ ಸತ್ತರು. ಎಂಟು ಜನ ಮಾತ್ರ ಉಳಿದರು. ಸತ್ತವರಲ್ಲಿ ಹೆಚ್ಚಿನವರು ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಕಡೆಯವರು, ಕೊಲ್ಲಿ ದೇಶದಲ್ಲಿ ದುಡಿದು ರಜೆಗೆಂದು ಮನೆಗೆ ಬರುತ್ತಿದ್ದವರು, ಅವರ ಹೆಂಡಿರು ಮಕ್ಕಳು. ಗುರುತು ಸಿಗದ ಕೆಲವರನ್ನು ಕೂಳೂರಿನ ಹತ್ತಿರ ಫಲ್ಗುಣಿ ನದಿಯ ಕಡೆ ಮಣ್ಣು ಮಾಡಿದರು. ಅಲ್ಲೀಗ ಸ್ಮಾರಕವಿದೆ.

ಆಗ ನಮ್ಮ ಮನೆಗೂ ಟಿವಿ ಬಂದಿತ್ತು. ಊಹೆಗಳು ರೇಡಿಯೋ ಕಾಲಕ್ಕಿಂತ ಬೇಗ ಬಂದವು. ಬಜ್ಪೆಯದು ಗುಡ್ಡ ಸಮಮಾಡಿ ಕಟ್ಟಿದ ಮೇಜಿನಂಥ ರನ್‌ವೇ, ಉದ್ದ ಸಾಲದು, ಅದಕ್ಕೇ ಬಿತ್ತು ಎಂದರು. ಟೈರು ಒಡೆಯಿತು ಎಂದರು. ಕ್ಯಾಪ್ಟನ್ ಪರದೇಶದವರು, ಅವರಿಗೆ ನಮ್ಮ ಗುಡ್ಡಗಾಡು ಗೊತ್ತಿಲ್ಲ ಎಂದರು.

ನಿವೃತ್ತ ಏರ್ ಮಾರ್ಷಲ್ ಬಿ.ಎನ್. ಗೋಖಲೆಯವರ ತನಿಖಾ ವರದಿ ಬೇರೆಯದೇ ಚಿತ್ರ ಕೊಟ್ಟಿತು. ಕ್ಯಾಪ್ಟನ್ ಮಂಗಳೂರಿಗೆ ಹೊಸಬರಲ್ಲ, ಹಿಂದೆ ಹತ್ತಾರು ಬಾರಿ ಬಂದಿದ್ದವರು. ರನ್‌ವೇ ಉದ್ದ 2,450 ಮೀಟರ್, ಅಂದರೆ ಎಂಟು ಸಾವಿರ ಅಡಿಗೆ ಸ್ವಲ್ಪ ಹೆಚ್ಚು. ಆದರೆ ವಿಮಾನ ಇರಬೇಕಾದ ಎತ್ತರಕ್ಕಿಂತ ಬಹಳ ಮೇಲೆ, ಇರಬೇಕಾದ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಬಂದು, ಸುಮಾರು 5,200 ಅಡಿ ರನ್‌ವೇ ಹಿಂದೆ ಬಿಟ್ಟ ಮೇಲೆ ನೆಲ ಮುಟ್ಟಿತ್ತು. ಆಗಲೂ ಪೂರ್ತಿ ಬ್ರೇಕ್ ಹಾಕಿ ಹಿಡಿದಿದ್ದರೆ ರನ್‌ವೇ ಮುಗಿಯುವುದರೊಳಗೆ ನಿಲ್ಲಬಹುದಿತ್ತು ಎಂದು ಲೆಕ್ಕ ತೋರಿಸಿತು. ನೆಲ ಮುಟ್ಟಿದ ಮೇಲೆ ಕ್ಯಾಪ್ಟನ್ ಮತ್ತೆ ಮೇಲೇರಲು ನೋಡಿದ್ದರು.

ಪೈಲಟ್ ಕೋಣೆಯ ಮಾತುಗಳನ್ನು ಹಿಡಿದಿಡುವ ಯಂತ್ರದಲ್ಲಿ ಕೊನೆಯ ಎರಡು ತಾಸಿನ ಧ್ವನಿ ಇತ್ತು. ಅದರಲ್ಲಿ ಒಂದೂವರೆ ತಾಸಿಗೂ ಹೆಚ್ಚು ಹೊತ್ತು ಮಾತೇ ಇಲ್ಲ, ಗೊರಕೆ ಮತ್ತು ದೀರ್ಘ ಉಸಿರಿನ ಸದ್ದು! ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ಕೊನೆಗೆ, ಇಳಿಯುವುದು ಬೇಡ, ಮತ್ತೆ ಮೇಲೇರಿ ಸುತ್ತು ಹಾಕೋಣ ಎಂದು ಸಹ ಪೈಲಟ್ ಮೂರು ಸಲ ಹೇಳಿದರು. ಯಂತ್ರವೂ ಎಚ್ಚರಿಕೆ ಕೂಗಿತು. ಕ್ಯಾಪ್ಟನ್ ಕೇಳಲಿಲ್ಲ. ಮುಖ್ಯ ಕಾರಣ ಅದೇ ಎಂದು ವರದಿ ಹೇಳಿತು.

ಅಲ್ಲಿಗೇ ನಿಂತಿದ್ದರೆ ಅದೂ ಕಟ್ಟೆಯ ಮಾತಿನಂತೆಯೇ ಆಗುತ್ತಿತ್ತು. ವರದಿ ಮುಂದೆ ಹೋಗಿ ಕೇಳಿತು. ಸಾಕಷ್ಟು ವಿಶ್ರಾಂತಿ ಸಿಕ್ಕಿದ್ದ ಮನುಷ್ಯ ಯಾಕೆ ಅಷ್ಟು ಹೊತ್ತು ಮಲಗಿದ? ಬೆಳಗಿನ ಜಾವ ಮನುಷ್ಯನ ದೇಹ ತಾನಾಗಿಯೇ ಮಂಕಾಗಿರುವ ವೇಳೆ. ಗಾಢ ನಿದ್ದೆಯಿಂದ ಎದ್ದವರಿಗೆ ಕೆಲಹೊತ್ತು ತಲೆ ಓಡುವುದಿಲ್ಲ. ಹೆಣ್ಣುಮಕ್ಕಳು ಹೊತ್ತು ಮೂಡುವ ಮೊದಲೇ ಎಬ್ಬಿಸಿ ಏನಾದರೂ ಕೇಳಿದರೆ ನಾವು ಏನು ಉತ್ತರ ಕೊಡುತ್ತೇವೆಂದು ಹಿರಿಯರು ನೆನಪಿಸಿಕೊಳ್ಳಲಿ! ವಿಮಾನ ಅಷ್ಟು ಎತ್ತರದಲ್ಲಿ ಯಾಕಿತ್ತು? ಮಂಗಳೂರಿನ ರೇಡಾರ್ ಎರಡು ದಿನದಿಂದ ಕೆಲಸ ಮಾಡುತ್ತಿರಲಿಲ್ಲ, ಹಾಗಾಗಿ ಎಂದಿಗಿಂತ ಹತ್ತಿರ ಬಂದ ಮೇಲೆ ಇಳಿಯಲು ಅನುಮತಿ ಸಿಕ್ಕಿತ್ತು. ಅದಕ್ಕೆ ತಕ್ಕಂತೆ ಪೈಲಟ್‌ಗಳು ಇಳಿಯುವ ಯೋಜನೆ ಮಾಡಿಕೊಳ್ಳಲಿಲ್ಲ. ಮೂರು ಸಲ ಬೇಡವೆಂದ ಸಹ ಪೈಲಟ್ ತಾನೇ ಹಿಡಿಕೆ ಹಿಡಿದು ಯಾಕೆ ಮೇಲೇರಿಸಲಿಲ್ಲ? ಹಾಗೆ ಮಾಡುವ ಅಧಿಕಾರದ ಬಗ್ಗೆ ನಿಯಮಗಳಲ್ಲೇ ಸ್ಪಷ್ಟತೆ ಇದ್ದಿರಲಿಲ್ಲ.

ಈ ಕೊನೆಯದನ್ನು ಓದಿದಾಗ ನಾನು ಪತ್ರಿಕೆ ಮಡಿಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಮ್ಯಾನೇಜರ್ ಮಾಡುತ್ತಿರುವುದು ತಪ್ಪೆಂದು ಗೊತ್ತಿದ್ದೂ "ಸರ್, ಇದು ಸರಿಯಾ?" ಎಂದು ಎರಡು ಸಲ ಕೇಳಿ ಸುಮ್ಮನಾದ ಗುಮಾಸ್ತರು ನಾವೆಷ್ಟು ಜನ ಇಲ್ಲ!

"ಪೈಲಟ್ ತಪ್ಪು" ಎಂದು ಮೊದಲ ದಿನವೇ ಹೇಳಿದವರು ಕೂಡ ಇದ್ದರು, ಅವರ ಮಾತು ನಿಜವಾಯಿತಲ್ಲ ಎಂದು ಯಾರಾದರೂ ಕೇಳಬಹುದು. ನಮ್ಮ ಲೆಕ್ಕಶಾಸ್ತ್ರದಲ್ಲಿ ಒಂದು ವಿಚಿತ್ರವಿದೆ. ಒಂದು ಕಡೆ ನೂರು ರೂಪಾಯಿ ತಪ್ಪಾಗಿ, ಇನ್ನೊಂದು ಕಡೆಯೂ ನೂರು ತಪ್ಪಾದರೆ ಎರಡೂ ಹೊಡೆದುಹೋಗಿ ಟ್ಯಾಲಿ ಆಗಿಬಿಡುತ್ತದೆ. ಗುಮಾಸ್ತ ಖುಷಿಯಿಂದ ಮನೆಗೆ ಹೋಗುತ್ತಾನೆ. ತಪ್ಪು ಎರಡೂ ಪುಸ್ತಕದಲ್ಲೇ ಉಳಿದಿರುತ್ತವೆ. ಮೊದಲ ದಿನದ ಊಹೆ ಅಕಸ್ಮಾತ್ತಾಗಿ ಹೊಂದಿದರೂ ಹಾಗೆಯೇ. "ಪೈಲಟ್ ತಪ್ಪು" ಎಂದು ಪುಸ್ತಕ ಮುಚ್ಚಿದ್ದರೆ ಗೊರಕೆ, ಕೆಟ್ಟ ರೇಡಾರ್, ಸಹ ಪೈಲಟ್‌ನ ಹಿಂಜರಿಕೆ ಯಾವುದೂ ಹೊರಗೆ ಬರುತ್ತಿರಲಿಲ್ಲ. ಮುಂದಿನ ವಿಮಾನದಲ್ಲೂ ಅವೆಲ್ಲ ಹಾಗೇ ಕೂತಿರುತ್ತಿದ್ದವು.

ಇನ್ನೊಂದನ್ನು ಬೇಗ ಹೇಳಿಬಿಡುತ್ತೇನೆ, ಯಾಕೆಂದರೆ ಅದರ ಹೆಸರು ನನಗಿಷ್ಟ. 1978ರ ಜನವರಿ 1, ಹೊಸ ವರ್ಷದ ರಾತ್ರಿ. ಏರ್ ಇಂಡಿಯಾದ ಮೊಟ್ಟಮೊದಲ ಜಂಬೋ ವಿಮಾನ 'ಎಂಪರರ್ ಅಶೋಕ' ಮುಂಬಯಿಯಿಂದ ದುಬೈಗೆ ಹೊರಟು ಎರಡು ನಿಮಿಷದೊಳಗೆ ಸಮುದ್ರಕ್ಕೆ ಬಿತ್ತು. 213 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. (ಅಶೋಕನೆಂಬ ಹೆಸರೇ ಇರುವ ಶಾಸನ 1915ರಲ್ಲಿ ಸಿಕ್ಕಿದ್ದು ನಮ್ಮ ಪಕ್ಕದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ.) ಅಂಥ ದೊಡ್ಡ ವಿಮಾನ ಸುಮ್ಮನೆ ಬೀಳುತ್ತದೆಯೇ, ಬಾಂಬೇ ಇಟ್ಟಿರಬೇಕೆಂದು ಜನ ಅಂದುಕೊಂಡರು. ಸಮುದ್ರದ ತಳದಿಂದ ಎತ್ತಿದ ದಾಖಲೆ ಬೇರೆ ಹೇಳಿತು. ಕ್ಯಾಪ್ಟನ್ ಮುಂದಿದ್ದ, ವಿಮಾನ ಯಾವ ಕಡೆ ವಾಲಿದೆ ಎಂದು ತೋರಿಸುವ ಒಂದು ಉಪಕರಣ ಕೆಟ್ಟಿತ್ತು. ಬಲಕ್ಕೆ ತಿರುಗಿದ ವಿಮಾನ ಸರಿಯಾಗಿ ಸಮಕ್ಕೆ ಬಂದರೂ ಅದು ಬಲಕ್ಕೇ ವಾಲಿದೆ ಎಂದು ತೋರಿಸಿತು. ಹೊರಗೆ ಕತ್ತಲೆ, ಕೆಳಗೆ ಕಪ್ಪು ಸಮುದ್ರ, ದಿಗಂತ ಕಾಣದು. ಕ್ಯಾಪ್ಟನ್ ಎಡಕ್ಕೆ ತಿರುಗಿಸುತ್ತಲೇ ಹೋದರು. ಪಕ್ಕದವರ ಮುಂದಿದ್ದ ಉಪಕರಣ ಸರಿಯಾಗಿತ್ತು. ಅದನ್ನು ನೋಡಿ ಹೊಂದಿಸಿಕೊಳ್ಳುವಷ್ಟು ಹೊತ್ತು ಸಿಗಲಿಲ್ಲ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಅನ್ನುತ್ತಿದ್ದರು. ಶಹಾಪುರದ ಗುಡ್ಡಗಳನ್ನು ನೋಡಿದವರಿಗೆ ಇದು ಬೇಗ ಅರ್ಥವಾದೀತು. ದೂರದಲ್ಲಿ ಒಂದು ಕಡೆ ನಿಂತು ನೋಡಿದರೆ ಬುದ್ಧ ಅಂಗಾತ ಮಲಗಿದ್ದಾನೆ, ಹಣೆ, ಮೂಗು, ಎದೆ ಎಲ್ಲ ಇದೆ. ಬಸ್ಸು ನಾಲ್ಕು ಮಾರು ಮುಂದೆ ಹೋದರೆ ಬುದ್ಧನಿಲ್ಲ, ಬರೀ ಬಂಡೆ.

ವಿಮಾನದಲ್ಲಿ ಪ್ರಮಾಣಿಸಿ ನೋಡುವ ಸಾಧನವೇ ಕಪ್ಪು ಪೆಟ್ಟಿಗೆ. ಹೆಸರು ಕಪ್ಪು, ಬಣ್ಣ ಮಾತ್ರ ಕಿತ್ತಳೆ, ಅವಶೇಷಗಳ ನಡುವೆ ಬೇಗ ಕಣ್ಣಿಗೆ ಬೀಳಲೆಂದು. ಎತ್ತರ, ವೇಗ, ಇಂಜಿನ್, ಗುಂಡಿಗಳ ಸ್ಥಿತಿಯನ್ನು ಒಂದು ದಾಖಲಿಸುತ್ತದೆ, ಪೈಲಟ್ ಕೋಣೆಯ ಸದ್ದನ್ನು ಇನ್ನೊಂದು. 1,100 ಡಿಗ್ರಿ ಸೆಲ್ಸಿಯಸ್ ಬೆಂಕಿಯಲ್ಲಿ ಒಂದು ತಾಸು ಇದ್ದರೂ ಒಳಗಿನ ದಾಖಲೆ ಉಳಿಯುವಂತೆ ಅದನ್ನು ಕಟ್ಟಿರುತ್ತಾರೆ. ನೀರಿಗೆ ಬಿದ್ದರೆ ದಿನಗಟ್ಟಲೆ ಸಂಕೇತ ಕಳುಹಿಸುತ್ತ ಇರುತ್ತದೆ.

ಪೈಲಟ್‌ಗಳ ಮಾತನ್ನೂ ಹಿಡಿದಿಡಬೇಕೆಂದು ಯೋಚಿಸಿ 1950ರ ದಶಕದಲ್ಲಿ ಇಂಥ ಪೆಟ್ಟಿಗೆ ಮಾಡಿದವರು ಆಸ್ಟ್ರೇಲಿಯಾದ ವಿಜ್ಞಾನಿ ಡೇವಿಡ್ ವಾರೆನ್. ಅವರಿಗೆ ಒಂಬತ್ತು ವರ್ಷವಿದ್ದಾಗ, 1934ರಲ್ಲಿ, ತಂದೆ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಆ ವಿಮಾನ ಸಮುದ್ರದ ಮೇಲೆ ಕಾಣೆಯಾಯಿತು, ಯಾಕೆಂದು ಕೊನೆಗೂ ತಿಳಿಯಲಿಲ್ಲ. ತಂದೆ ಕೊನೆಯದಾಗಿ ಕೊಟ್ಟ ಉಡುಗೊರೆ ಒಂದು ಪುಟ್ಟ ರೇಡಿಯೋ ಸೆಟ್ಟು. ಅದನ್ನು ಬಿಚ್ಚಿ ಕಟ್ಟಿ ಆಡುತ್ತಲೇ ಹುಡುಗನಿಗೆ ಯಂತ್ರಗಳ ಹುಚ್ಚು ಹಿಡಿಯಿತು. ಮನೆಯಲ್ಲಿ ಹಳೆಯ ರೇಡಿಯೋ ಬಿಚ್ಚುವ ಮಕ್ಕಳಿಗೆ ಬೈಯುವ ಮುನ್ನ ಸ್ವಲ್ಪ ಯೋಚಿಸಿ.

ತನಿಖೆ ಹೇಗೆ ನಡೆಯಬೇಕೆಂದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ನಿಯಮ ಮಾಡಿದೆ. ಮುಂದೆ ಇಂಥದು ಆಗದಂತೆ ನೋಡಿಕೊಳ್ಳುವುದೊಂದೇ ತನಿಖೆಯ ಉದ್ದೇಶ, ಯಾರ ಮೇಲಾದರೂ ತಪ್ಪು ಹೊರಿಸುವುದಲ್ಲ ಎಂದು ಅದರಲ್ಲಿ ಬರೆದಿದೆ. 30 ದಿನಗಳಲ್ಲಿ ಒಂದು ಪ್ರಾಥಮಿಕ ವರದಿ ಕೊಡಬೇಕು. ಅಂತಿಮ ವರದಿಗೆ ವರ್ಷವೋ, ಅದಕ್ಕೂ ಹೆಚ್ಚೋ ಹಿಡಿಯಬಹುದು. ನಮ್ಮ ದೇಶದಲ್ಲಿ ಈ ಕೆಲಸಕ್ಕೆಂದೇ 2012ರಿಂದ ವಿಮಾನ ಅಪಘಾತ ತನಿಖಾ ಬ್ಯೂರೋ ಇದೆ.

ಅಹಮದಾಬಾದಿನ ಪ್ರಾಥಮಿಕ ವರದಿ ಜುಲೈ 12ರಂದು ಬಂತು. ವಿಮಾನದಲ್ಲಿದ್ದ 242 ಜನರಲ್ಲಿ ಒಬ್ಬರು ಮಾತ್ರ ಬದುಕಿದ್ದರು. ನೆಲದ ಮೇಲಿದ್ದ 19 ಜನರೂ ಸತ್ತಿದ್ದರು. ನಮ್ಮ ಕಟ್ಟೆಯ ನಾಲ್ಕು ತೀರ್ಪುಗಳನ್ನು ನಾನು ಆ ವರದಿಯ ಪಕ್ಕದಲ್ಲಿಟ್ಟು ನೋಡಿದೆ. ಹಾರುವ ದಾರಿಯ ಹತ್ತಿರ ಗಮನಿಸುವಷ್ಟು ಹಕ್ಕಿಗಳು ಕಂಡಿರಲಿಲ್ಲ. ಎಣ್ಣೆ ತುಂಬಿಸಿದ ಕಡೆಯ ಮಾದರಿ ಸರಿಯಾಗಿತ್ತು. ರೆಕ್ಕೆಯ ಪಟ್ಟಿಯ ಹಿಡಿಕೆ ಇರಬೇಕಾದ ಜಾಗದಲ್ಲೇ ಇತ್ತು. ಭಾರ ಮಿತಿಯೊಳಗಿತ್ತು. ನಾಲ್ಕಕ್ಕೆ ನಾಲ್ಕೂ ಹೋದವು.

ವರದಿ ಹೇಳಿದ್ದು ಇಷ್ಟು. ಮೇಲೆದ್ದ ಕೂಡಲೇ ಎರಡೂ ಇಂಜಿನ್‌ಗಳ ಇಂಧನದ ಸ್ವಿಚ್ಚುಗಳು ಒಂದು ಸೆಕೆಂಡಿನ ಅಂತರದಲ್ಲಿ ಬಂದ್ ಸ್ಥಿತಿಗೆ ಹೋಗಿವೆ. ಯಾಕೆ ಬಂದ್ ಮಾಡಿದಿರಿ ಎಂದು ಒಬ್ಬ ಪೈಲಟ್ ಕೇಳಿದ್ದಾರೆ. ನಾನು ಮಾಡಿಲ್ಲ ಎಂದು ಇನ್ನೊಬ್ಬರು ಹೇಳಿದ್ದಾರೆ. ಸುಮಾರು ಹತ್ತು ಸೆಕೆಂಡಿನ ಮೇಲೆ ಸ್ವಿಚ್ಚುಗಳು ಮತ್ತೆ ಚಾಲೂ ಸ್ಥಿತಿಗೆ ಬಂದಿವೆ, ಹೊತ್ತು ಮೀರಿತ್ತು. ಕೇಳಿದವರು ಯಾರು, ಉತ್ತರಿಸಿದವರು ಯಾರು, ಸ್ವಿಚ್ಚು ಬಂದ್ ಆದದ್ದು ಹೇಗೆ ಎಂದು ವರದಿ ಹೇಳಲಿಲ್ಲ.

ವರದಿ ಹೇಳದ್ದನ್ನು ಹೊರಗಿನವರು ಅದೇ ದಿನ ಹೇಳಿದರು. ಒಬ್ಬ ಪೈಲಟ್ ಬೇಕೆಂದೇ ಮಾಡಿದರು ಎಂಬ ಮಾತು ದೇಶದಲ್ಲೂ ಪರದೇಶದಲ್ಲೂ ಹರಡಿತು. ಸತ್ತ ಕ್ಯಾಪ್ಟನ್‌ಗೆ ತೊಂಬತ್ತು ದಾಟಿದ ತಂದೆಯಿದ್ದಾರೆ. ಮಗನನ್ನು ಕಳೆದುಕೊಂಡದ್ದಲ್ಲದೆ ಮಗನ ಹೆಸರು ಉಳಿಸಿಕೊಳ್ಳಲು ಅವರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ನಿಮ್ಮ ಮಗನದೇ ತಪ್ಪೆಂದು ಯಾರೂ ಹೇಳಲಾಗದು, ಆ ಭಾರ ಹೊರಬೇಡಿ ಎಂಬ ಅರ್ಥದ ಮಾತನ್ನು ನ್ಯಾಯಮೂರ್ತಿಗಳು 2025ರ ನವೆಂಬರ್‌ನಲ್ಲಿ ಹೇಳಿದರು. ಅದನ್ನು ಓದುವಾಗ ನನ್ನ ಕಣ್ಣ ಮುಂದೆ ಬಂದವನು ಬಾಗಿಲ ಹತ್ತಿರ ನಿಂತಿದ್ದ ಆ ಜವಾನ. ಅವನ ಲೆಕ್ಕ ಒಂದೇ ರಾತ್ರಿಯಲ್ಲಿ ಬಗೆಹರಿದಿತ್ತು. ಈ ಮುದುಕರು ಎಷ್ಟು ರಾತ್ರಿ ಕಾಯಬೇಕೋ.

ಕಾಯುವುದು ಎಂದರೆ ಸುಮ್ಮನೆ ಕೂರುವುದಲ್ಲ. ಬ್ಯಾಂಕಿನಲ್ಲಿ ಸಸ್ಪೆನ್ಸ್ ಖಾತೆ ಎಂದು ಒಂದಿರುತ್ತದೆ. ಒಂದು ಮೊತ್ತ ಯಾವ ಖಾತೆಗೆ ಸೇರಬೇಕೆಂದು ತಿಳಿಯದಿದ್ದರೆ ಅದನ್ನು ಸಿಕ್ಕವರ ಹೆಸರಿಗೆ ಬರೆಯುವುದಿಲ್ಲ, ಕಸದ ಬುಟ್ಟಿಗೂ ಹಾಕುವುದಿಲ್ಲ. ಸಸ್ಪೆನ್ಸ್ ಖಾತೆಯಲ್ಲಿ ಇಡುತ್ತೇವೆ. ತಿಂಗಳು ತಿಂಗಳು ತೆಗೆದು ನೋಡುತ್ತೇವೆ. ಆಧಾರ ಸಿಕ್ಕ ದಿನ ಅದರ ಜಾಗಕ್ಕೆ ಹಾಕುತ್ತೇವೆ. ಇದನ್ನೂ ಮೊಮ್ಮಗನಿಗೆ ಹೇಳಿದ್ದೆ. ಜೂನ್ 13ರ ಬೆಳಿಗ್ಗೆ ಅವನು ಪ್ರಾರ್ಥನೆಯಲ್ಲಿ "ಕಾರಣ ಇನ್ನೂ ತಿಳಿದಿಲ್ಲ, ತನಿಖೆ ನಡೆದಿದೆ" ಎಂದು ಓದಿದನಂತೆ. "ಹುಡುಗರು ನಕ್ಕರು ಮುತ್ಯಾ, ಎಲ್ಲಾರಿಗೂ ಗೊತ್ತಿತ್ತು, ನನಗೊಬ್ಬನಿಗೇ ಗೊತ್ತಿರ್ಲಿಲ್ಲ" ಎಂದು ಸಪ್ಪೆ ಮುಖ ಮಾಡಿಕೊಂಡು ಬಂದಿದ್ದ.

ಮೊನ್ನೆ ಹಳೆಯ ನೋಟ್‌ಬುಕ್ಕು ತಂದು ತೋರಿಸಿದ. ಸುದ್ದಿಯ ಕೆಳಗೆ "ಕಾರಣ:" ಎಂದು ಬರೆದು ಮೂರು ಗೆರೆ ಖಾಲಿ ಬಿಟ್ಟಿದ್ದಾನೆ. "ಇನ್ನೂ ಗೊತ್ತಾಗಿಲ್ಲೇನು ಮುತ್ಯಾ?" ಎಂದ. ಅಂತಿಮ ವರದಿ ಇನ್ನೂ ಬಂದಿಲ್ಲವೆಂದೆ. ಮಂಗಳೂರಿನ ವರದಿಯಲ್ಲಿ ಏನೇನಿತ್ತೆಂದು ಮತ್ತೊಮ್ಮೆ ಕೇಳಿದ, ಬೆರಳು ಮಡಿಚಿ ಎಣಿಸಿದ. ಆಮೇಲೆ ಮುಂದಿನ ಪುಟವನ್ನೂ ಖಾಲಿ ಬಿಟ್ಟು, ಮಡಿಚಿ ಗುರುತು ಮಾಡಿ, ಆಡಲು ಓಡಿದ.